ಮೆಣಸಿನಕಾಯಿ ಯಾರ ಬಣ್ಣ ಹೊತ್ತಿದೆ?

ಓದುಗರೊಬ್ಬರು ಪತ್ರದ ಜೊತೆ ಮೂರು ಫೋಟೊ ಕಳಿಸಿದ್ದಾರೆ. ಮೊದಲನೆಯದರಲ್ಲಿ ತಾರಸಿಯ ಕುಂಡದಲ್ಲಿ ಬೆಳೆದ ಮೆಣಸಿನ ಗಿಡ. ಗಿಡದ ತುಂಬ ಬದನೆಕಾಯಿ ಬಣ್ಣದ, ಹೆಚ್ಚೂಕಡಿಮೆ ಕಪ್ಪೇ ಎನ್ನಬಹುದಾದ ಕಾಯಿ. ಎರಡನೆಯದು ಹೋದ ವರ್ಷ ತಮ್ಮದೇ ಗಿಡದ ಕೆಂಪು ಹಣ್ಣಿನಿಂದ ಬೀಜ ತೆಗೆದಿಟ್ಟು ಬೆಳೆಸಿದ ಗಿಡ. ಅದರಲ್ಲಿ ಅಪ್ಪಟ ಅರಿಶಿನ ಬಣ್ಣದ ಹಣ್ಣು. ಮೂರನೆಯದು ಗೆಳತಿ ಕೊಟ್ಟ ಸಸಿ, ಹಣ್ಣಾದಾಗ ಚಾಕೊಲೇಟ್ ಬಣ್ಣಕ್ಕೆ ತಿರುಗಿದೆ. ಅವರು ಬರೆಯುತ್ತಾರೆ: "ಆ ಮೂರು ದಿನವೂ ನಾನು ಗಿಡಕ್ಕೆ ನೀರು ಹಾಕಿದ್ದಕ್ಕೇ ಹೀಗಾಯ್ತು ಅಂತಾರೆ ನಮ್ಮತ್ತೆ. ಪಕ್ಕದ ಮನೆಯವರು ದೃಷ್ಟಿ ಅಂತಾರೆ. ನಮ್ಮ ಯಜಮಾನರು ಸೈನ್ಸ್ ಓದಿದವರು, ಪಕ್ಕದಲ್ಲಿ ಬೇರೆ ಮೆಣಸಿನ ಗಿಡ ನೆಟ್ಟಿದ್ದಕ್ಕೆ ಕಾಯಿ ಬಣ್ಣ ಕೆಟ್ಟಿತು ಅಂತಾರೆ. ಇವರಲ್ಲಿ ಯಾರು ಸರಿ?"

ಯಾರೂ ಅಲ್ಲ. ಯಜಮಾನರು ಸತ್ಯದ ಹತ್ತಿರ ಬಂದಿದ್ದಾರೆ, ಆದರೆ ಅವರ ತಲೆಮಾರಿನ ಲೆಕ್ಕ ತಪ್ಪಿದೆ. ಆ ತಲೆಮಾರುಗಳ ಕಥೆಯೇ ಇಲ್ಲಿ ಎಲ್ಲಕ್ಕಿಂತ ಸೊಗಸಾದ ಭಾಗ.

ಮೊದಲು ಮುಟ್ಟಿನ ಮಾತು ಮುಗಿಸಿಬಿಡೋಣ, ಅದನ್ನು ಕೇಳಿಸಿಕೊಂಡು ಸುಮ್ಮನೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಮುಟ್ಟಾದವರು ಮುಟ್ಟಿದರೆ ತುಳಸಿ ಒಣಗುತ್ತದೆ, ವೀಳ್ಯದೆಲೆ ಬಳ್ಳಿ ಬಾಡುತ್ತದೆ, ಉಪ್ಪಿನಕಾಯಿ ಕೆಡುತ್ತದೆ ಎಂದು ಹೇಳುತ್ತ ಎಷ್ಟು ತಲೆಮಾರಿನ ಹೆಣ್ಣುಮಕ್ಕಳನ್ನು ಮೂಲೆಯಲ್ಲಿ ಕೂರಿಸಿದ್ದೇವೆ! ಇದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1920ರಲ್ಲಿ ವಿಯೆನ್ನಾದ ಹೆಸರಾಂತ ಮಕ್ಕಳ ವೈದ್ಯ ಬೇಲಾ ಶಿಕ್, ಮುಟ್ಟಾದ ಕೆಲಸದಾಕೆ ಹಿಡಿದ ಹೂ ಬೇಗ ಬಾಡಿತೆಂದು ಹೇಳಿ, ಅವಳ ಮೈಯಿಂದ ಏನೋ ವಿಷ ಹೊರಬರುತ್ತದೆ ಎಂದು ಗಂಭೀರವಾಗಿ ಬರೆದರು. ಹಲವು ದಶಕ ಅದರ ಬೆನ್ನು ಹತ್ತಿದ ಮೇಲೂ ಅಂಥ ವಿಷ ಯಾರಿಗೂ ಸಿಗಲಿಲ್ಲ, ಏಕೆಂದರೆ ಅದು ಇರಲೇ ಇಲ್ಲ. ಹಾವೇರಿ, ಧಾರವಾಡ, ಗದಗ ಸೀಮೆಯ ಹೊಲಗಳಿಗೆ ಒಮ್ಮೆ ಹೋಗಿ ನೋಡಿ. ಮೆಣಸಿನಕಾಯಿ ಬಿಡಿಸುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕೂಲಿಗೆ ಹೋಗುವವರಿಗೆ ತಿಂಗಳಿಗೆ ಮೂರು ದಿನ ರಜೆ ಯಾರೂ ಕೊಡುವುದಿಲ್ಲ. ಅವರ ಕೈ ಸೋಕಿದ ಕಾಯಿಯೇ ಬ್ಯಾಡಗಿ ಮಾರುಕಟ್ಟೆಗೆ ಬಂದು ಕಣ್ಣು ಕೋರೈಸುವ ಕೆಂಪು ರಾಶಿಯಾಗುತ್ತದೆ. ಅದರಿಂದ ಕುಟ್ಟಿದ ಪುಡಿಯನ್ನೇ ಅತ್ತೆಯವರೂ ದಿನಾ ಸಾರಿಗೆ ಹಾಕುತ್ತಾರೆ. ದೃಷ್ಟಿಯ ವಿಚಾರಕ್ಕೆ ಬಂದರೆ, ದೃಷ್ಟಿ ತೆಗೆಯಲು ನಾವು ನಿವಾಳಿಸುವುದೇ ಮೆಣಸಿನಕಾಯಿಯನ್ನು. ಅದಕ್ಕೂ ದೃಷ್ಟಿ ತಾಗುತ್ತದೆ ಎನ್ನುವವರ ಜೊತೆ ವಾದಕ್ಕೆ ಇಳಿಯುವುದು ಬೇಡ.

ಇನ್ನು ಬಣ್ಣದ ವಿಚಾರ. ಮೆಣಸಿನಕಾಯಿಯಲ್ಲಿ ಮೂರು ಬಗೆಯ ವರ್ಣದ್ರವ್ಯಗಳಿವೆ. ಹಸಿರಿಗೆ ಕ್ಲೋರೋಫಿಲ್. ಹಳದಿ, ಕಿತ್ತಳೆ, ಕೆಂಪಿಗೆ ಕ್ಯಾರೊಟಿನಾಯ್ಡ್‌ಗಳು. ನೇರಳೆ, ಕಪ್ಪಿಗೆ ಆಂಥೊಸಯನಿನ್‌ಗಳು. ನಮ್ಮ ಕಣ್ಣಿಗೆ ಕಾಣುವುದು ಈ ಮೂರರಲ್ಲಿ ಯಾವುದು ಯಾವ ಹೊತ್ತಿನಲ್ಲಿ ಬಂತು, ಯಾವುದು ಹೋಯಿತು ಎಂಬುದರ ಒಟ್ಟು ಫಲ.

ಮಾಮೂಲಿ ಕಾಯಿ ಹಣ್ಣಾಗುವಾಗ ಕ್ಲೋರೋಫಿಲ್ ಒಡೆದು ಮಾಯವಾಗುತ್ತದೆ, ಅದೇ ಹೊತ್ತಿಗೆ ಕ್ಯಾಪ್ಸಾಂಥಿನ್ ಎಂಬ ಕೆಂಪು ಕ್ಯಾರೊಟಿನಾಯ್ಡ್ ತುಂಬಿಕೊಳ್ಳುತ್ತದೆ. 1927ರಲ್ಲಿ ಹಂಗೆರಿಯ ಲಾಸ್ಲೊ ಝೆಕ್‌ಮೈಸ್ಟರ್ ಮತ್ತು ಚೊಲ್ನೋಕಿ ತಮ್ಮ ನಾಡಿನ ಪಾಪ್ರಿಕ ಮೆಣಸಿನಿಂದ ಬೇರ್ಪಡಿಸಿ ಗುರುತಿಸಿದ್ದು ಇದನ್ನೇ. ಕ್ಯಾಪ್ಸಾಂಥಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಬಿಸಿ ಎಣ್ಣೆಗೆ ಬ್ಯಾಡಗಿ ಪುಡಿ ಬಿದ್ದ ಕ್ಷಣ ಎಣ್ಣೆಯೇ ಕೆಂಪಾಗುವುದು, ಸಾರಿನ ಮೇಲೆ ಕೆಂಪು ಕಣ್ಣುಗಳು ತೇಲುವುದು ಇದರಿಂದಲೇ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿಗೆ ಇಷ್ಟು ಬೇಡಿಕೆ ಇರುವುದು ಖಾರಕ್ಕಲ್ಲ, ಈ ಬಣ್ಣಕ್ಕೆ. ಅದರಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರ ಆಹಾರದ ಉದ್ಯಮಕ್ಕೆ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಕೋಳಿಮೊಟ್ಟೆಯ ಹಳದಿ ಭಾಗಕ್ಕೆ ಕಡು ಬಣ್ಣ ಬರಲೆಂದು ಕೋಳಿಯ ಆಹಾರಕ್ಕೂ ಮೆಣಸಿನ ಕೆಂಪು ಬೆರೆಸುವುದುಂಟು. ಖಾರದ ಕ್ಯಾಪ್ಸೈಸಿನ್ನಿಗೆ ಬಣ್ಣವೇ ಇಲ್ಲ. ಅದು ಹುಟ್ಟುವುದು ಕಾಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಹೀಗಾಗಿ ಹೊರಗಿನ ಬಣ್ಣ ನೋಡಿ ಖಾರ ಅಳೆಯಲು ಹೋಗಬೇಡಿ. ಕಡುಗೆಂಪು ಬ್ಯಾಡಗಿ ಸೌಮ್ಯ, ಹಳದಿ ಹಬನೆರೊ ಬೆಂಕಿ.

ಪತ್ರದಲ್ಲಿದ್ದ ಕಪ್ಪು ಕಾಯಿಗೆ ಬರೋಣ. ಅದನ್ನು ಕೀಳಬೇಡಿ, ಗಿಡದಲ್ಲೇ ಬಿಡಿ. ಕೆಲವು ವಾರದಲ್ಲಿ ಆ ಕಪ್ಪು ಮಸುಕಾಗಿ, ಒಂದಷ್ಟು ದಿನ ಕಂದುಗೆಂಪಾಗಿ ಕಂಡು, ಕೊನೆಗೆ ಬಹುಪಾಲು ತಳಿಗಳಲ್ಲಿ ಚೊಕ್ಕ ಕೆಂಪಾಗುತ್ತದೆ. ಅದು ರೋಗವಲ್ಲ, ಕೊಳೆಯಲ್ಲ, ವಿಷವಂತೂ ಅಲ್ಲ. ಬದನೆಕಾಯಿ ಸಿಪ್ಪೆಯಲ್ಲಿರುವ ಆಂಥೊಸಯನಿನ್ ಯಾವುದೋ ಅದೇ ಈ ಮೆಣಸಿನಕಾಯಿಯಲ್ಲೂ ಇದೆ. ಡೆಲ್ಫಿನಿಡಿನ್ ಎಂಬ ಮೂಲದ ಮೇಲೆ ಸಕ್ಕರೆಗಳು ಕೂತ ಅದೇ ಅಣು. ಬದನೆ, ಮೆಣಸು ಒಂದೇ ಕುಟುಂಬದವು, ಆದ್ದರಿಂದ ಇದು ಮನೆತನದ ಆಸ್ತಿ.

ಈ ನೇರಳೆಯನ್ನು ಹತ್ತಿರದಿಂದ ನೋಡುವುದೇ ಒಂದು ಸುಖ. ಅಂಥ ಒಂದು ಕಾಯಿಯ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ನೇರಳೆ ಬಣ್ಣ ಕೂದಲೆಳೆಯಷ್ಟು ತೆಳುವಾದ ಹೊರಪದರದಲ್ಲಿ ಮಾತ್ರ ಇರುತ್ತದೆ, ಅದರ ಕೆಳಗೆ ಸಾಧಾರಣ ಹಸಿರು. ಹಸಿರಿನ ಮೇಲೆ ನೇರಳೆ ಹೊದ್ದಿರುವುದರಿಂದಲೇ ಅದು ಕಪ್ಪಾಗಿ ಕಾಣುವುದು. ಇನ್ನೂ ಚೆಂದದ ಸಂಗತಿ ಏನೆಂದರೆ, ಈ ಬಣ್ಣ ಹುಟ್ಟಲು ಬೆಳಕು ಬೇಕು. ನಮ್ಮ ತಾರಸಿಯ ಗಿಡದಲ್ಲಿ ಒಂದು ಎಲೆ ಕಾಯಿಗೆ ಅಡ್ಡಲಾಗಿ ಅಂಟಿಕೊಂಡಿತ್ತು. ಎಲೆ ಸರಿಸಿ ನೋಡಿದರೆ, ಕಪ್ಪು ಕಾಯಿಯ ಮೇಲೆ ಎಲೆಯ ಅಂಚು ಅಂಚೂ ಸ್ಪಷ್ಟವಾಗಿ ತಿಳಿಹಸಿರಿನಲ್ಲಿ ಮೂಡಿತ್ತು! ಎರಡು ಕಾಯಿ ಒಂದಕ್ಕೊಂದು ತಾಗಿಕೊಂಡಿದ್ದ ಕಡೆಯೂ ಹಾಗೆಯೇ ಹಸಿರು ಮಚ್ಚೆ. ಮಕ್ಕಳಿರುವ ಮನೆಯವರು ಇದನ್ನು ಮಾಡಿ ನೋಡಲೇಬೇಕು. ಎಳೆಯ ಕಾಯಿಗೆ ಅಲ್ಯೂಮಿನಿಯಂ ಫಾಯಿಲ್‌ನ ಪಟ್ಟಿಯೊಂದನ್ನು ಸಡಿಲವಾಗಿ ಸುತ್ತಿ ಬಿಟ್ಟರೆ, ಬಿಚ್ಚಿದಾಗ ಕಾಯಿಗೆ ಹಸಿರು ಪಟ್ಟಿ ಬಂದಿರುತ್ತದೆ. ಹಾಲಪೀನ್ಯೊದಂಥ ಹಸಿರು ತಳಿಗಳಲ್ಲೂ ಬಿಸಿಲಿಗೆ ಮುಖ ಮಾಡಿದ ಹೆಗಲಿನಲ್ಲಷ್ಟೇ ಕಪ್ಪು ಛಾಯೆ ಬರುವುದು ಇದೇ ಕಾರಣಕ್ಕೆ. ಬಿಸಿಲು ತೀರಾ ತೀಕ್ಷ್ಣವಾದಾಗ ಒಳಗಿನ ಹಸಿರು ಜೀವಕೋಶಗಳಿಗೆ ಏಟು ಬೀಳದಂತೆ ಈ ನೇರಳೆ ಕಾಯುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ.

ನಿಮ್ಮ ಗಿಡ ಹುಟ್ಟಿನಿಂದಲೇ ನೇರಳೆ ತಳಿಯದೋ ಅಲ್ಲವೋ ತಿಳಿಯಬೇಕಾದರೆ ಕಾಯಿ ಬರುವವರೆಗೆ ಕಾಯಬೇಕಾಗಿಲ್ಲ. ಕಾಂಡದ ಗೆಣ್ಣು ನೋಡಿ, ಹೂ ನೋಡಿ. ಗೆಣ್ಣಷ್ಟೇ ನೇರಳೆಯಾಗಿದ್ದರೆ ಅದು ಎಷ್ಟೋ ಮೆಣಸಿನ ಗಿಡಗಳಲ್ಲಿ ಇದ್ದದ್ದೇ. ಹೂವಿನ ಎಸಳಿಗೂ ನೇರಳೆ ಹರಿದಿದ್ದರೆ ಸಾಮಾನ್ಯವಾಗಿ ಕಾಯಿಯೂ ನೇರಳೆಯಾಗುತ್ತದೆ.

ಈಗ ಚಾಕೊಲೇಟ್ ಬಣ್ಣದ ಮೂರನೆಯ ಗಿಡ. ಇದನ್ನು ಬರೆಯುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಮೆಣಸಿನಕಾಯಿಯಲ್ಲಿ ಕಂದು ಎಂಬ ವರ್ಣದ್ರವ್ಯವೇ ಇಲ್ಲ. ಇಲ್ಲಿ ಆಗಿರುವುದಿಷ್ಟೆ: ಕೆಂಪು ಎಂದಿನಂತೆ ಬಂದಿದೆ, ಆದರೆ ಹೋಗಬೇಕಾಗಿದ್ದ ಹಸಿರು ಹೋಗಿಲ್ಲ. ಎರಡೂ ಒಂದೇ ಸಿಪ್ಪೆಯಲ್ಲಿ ಬೆರೆತು ನಮ್ಮ ಕಣ್ಣಿಗೆ ಕಂದಾಗಿ ಕಾಣುತ್ತದೆ. ಹಣ್ಣು ಹಳದಿಯಾಗುವ ತಳಿಯಲ್ಲಿ ಇದೇ ದೋಷ ಬಂದರೆ, ಕಳಿತ ಮೇಲೂ ಹಸಿರಾಗಿಯೇ ಉಳಿಯುತ್ತದೆ.

ಹಸಿರು ಏಕೆ ಹೋಗಲಿಲ್ಲ? ಕ್ಲೋರೋಫಿಲ್ ತಾನಾಗಿ ಮಾಸಿಹೋಗುವ ಬಣ್ಣವಲ್ಲ. ಅದನ್ನು ಒಡೆಯಲು ಗಿಡಕ್ಕೆ ಒಂದು ಪ್ರೋಟೀನ್ ಬೇಕು. ಆ ಪ್ರೋಟೀನು ಕ್ಲೋರೋಫಿಲ್ ಅಣುವಿನ ನಡುವೆ ಕೂತ ಮೆಗ್ನೀಸಿಯಮ್ಮನ್ನು ಕಿತ್ತು ತೆಗೆಯುತ್ತದೆ ಎಂದು 2016ರಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟರು. ಈ ಪ್ರೋಟೀನನ್ನು ರೂಪಿಸುವ ಜೀನಿಗೆ 'ಸ್ಟೇ-ಗ್ರೀನ್' ಎಂದು ಹೆಸರು, ಅದು ಕೆಟ್ಟರೆ ಗಿಡ ಹಸಿರಾಗಿಯೇ ಇರುವುದರಿಂದ. 2008ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಕಂದು ಮೆಣಸಿನಕಾಯಿಯಲ್ಲಿ ಈ ಪ್ರೋಟೀನಿನ 114ನೆಯ ಜಾಗದಲ್ಲಿರಬೇಕಾದ ಟ್ರಿಪ್ಟೊಫ್ಯಾನ್ ಬದಲು ಆರ್ಜಿನಿನ್ ಬಂದು ಕೂತಿದೆ. ಒಂದೇ ಒಂದು ಅಮೈನೊ ಆಮ್ಲ! ಅಷ್ಟಕ್ಕೇ ಕೆಂಪು ಹಣ್ಣು ಚಾಕೊಲೇಟ್ ಆಯಿತು. ಕಂದು ಬಣ್ಣದ ಟೊಮೆಟೊ ತಳಿಗಳಲ್ಲೂ ಇದೇ ಜೀನ್ ಬೇರೊಂದು ಜಾಗದಲ್ಲಿ ಕೆಟ್ಟಿದೆ.

ಇನ್ನೂ ಒಂದು ಮಾತು ಬಾಕಿ ಇದೆ. ಹೈಸ್ಕೂಲಿನಲ್ಲಿ ಓದಿದ ಮೆಂಡೆಲರ ಬಟಾಣಿ ನೆನಪಿದೆಯೇ? ಇಂದಿನ ಚೆಕ್ ದೇಶದ ಬ್ರನೊ ಪಟ್ಟಣದ ಮಠದಲ್ಲಿ ಹಳದಿ ಕಾಳಿನ ಬಟಾಣಿಯನ್ನೂ ಹಸಿರು ಕಾಳಿನದನ್ನೂ ಕೂಡಿಸಿ, ಮೊಮ್ಮಕ್ಕಳ ತಲೆಮಾರಿನಲ್ಲಿ 6,022 ಹಳದಿ, 2,001 ಹಸಿರು ಕಾಳು ಎಣಿಸಿ, 1866ರಲ್ಲಿ ಪ್ರಕಟಿಸಿದರಲ್ಲ, ಆ ಹಸಿರು ಕಾಳಿನ ಗುಟ್ಟು 2007ರಲ್ಲಿ ಬಯಲಾಯಿತು. ಅದೂ ಈ ಸ್ಟೇ-ಗ್ರೀನ್ ಜೀನಿನ ದೋಷವೇ. ಕಾಳು ಬಲಿತು ಒಣಗುವಾಗ ಹೋಗಬೇಕಾಗಿದ್ದ ಹಸಿರು ಹೋಗಲಿಲ್ಲ, ಅಷ್ಟೆ. ಅಂದರೆ ಗೆಳತಿ ಕೊಟ್ಟ ಗಿಡದಲ್ಲಿರುವ ಆ ಕಂದು ಮೆಣಸಿನಕಾಯಿ, ಇಡೀ ಅನುವಂಶೀಯ ವಿಜ್ಞಾನಕ್ಕೆ ದಾರಿ ತೋರಿದ ಹಸಿರು ಬಟಾಣಿಯ ಸೋದರಸಂಬಂಧಿ. ಇಂಥ ಗಿಡವನ್ನು ಅಪಶಕುನವೆಂದು ಕಿತ್ತೆಸೆಯುವುದೇ?

ಬಟಾಣಿಯನ್ನು ಎಳೆತಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಯಜಮಾನರು ಎಡವಿದ್ದು ಎಲ್ಲಿ ಎಂಬುದು ಬಟಾಣಿ ಮತ್ತು ಮೆಣಸಿನಕಾಯಿಯನ್ನು ಪಕ್ಕಪಕ್ಕ ಇಟ್ಟಾಗ ಚೆನ್ನಾಗಿ ಕಾಣುತ್ತದೆ.

ಹೂವಿನೊಳಗಿನ ಅಂಡಾಶಯವೇ ಬೆಳೆದು ಕಾಯಾಗುತ್ತದೆ. ಅಂಡಾಶಯ ತಾಯಿಗಿಡದ ದೇಹದ ಭಾಗ. ಎಲೆ, ಕಾಂಡ ಹೇಗೆ ತಾಯಿಯವೋ ಮೆಣಸಿನಕಾಯಿಯ ಸಿಪ್ಪೆ, ತಿರುಳು ಕೂಡ ಹಾಗೆಯೇ ಪೂರ್ತಿ ತಾಯಿಯವು. ಪರಾಗ ಎಲ್ಲಿಂದ ಬಂತು ಎಂಬುದು ದಾಖಲಾಗುವುದು ಒಳಗಿನ ಬೀಜದಲ್ಲಿ, ಬೀಜದೊಳಗಿನ ಪುಟ್ಟ ಸಸಿಯಲ್ಲಿ. ಗರ್ಭಿಣಿಯ ಮೈಬಣ್ಣ ಮಗುವಿನ ತಂದೆ ಯಾರೆಂಬುದರ ಮೇಲೆ ಬದಲಾಗುತ್ತದೆಯೇ? ಇಲ್ಲ. ಹಾಗೆಯೇ ತುಡುವೆ ಜೇನೋ ಮಿಸರಿಯೋ ಹಳದಿ ಮೆಣಸಿನ ಹೂವಿನಿಂದ ಪರಾಗ ತಂದು ಕೆಂಪು ಮೆಣಸಿನ ಹೂವಿಗೆ ಮೆತ್ತಿದರೂ ಈ ವರ್ಷದ ಕಾಯಿ ಕೆಂಪೇ. ದೊಣ್ಣೆ ಮೆಣಸಿನಕಾಯಿಯ ಪಕ್ಕ ಖಾರದ ಗಿಡ ನೆಟ್ಟರೆ ದೊಣ್ಣೆ ಮೆಣಸಿನಕಾಯಿ ಖಾರವಾಗುತ್ತದೆ ಎಂದು ಎಷ್ಟೋ ಮಂದಿ ಅನುಭವಸ್ಥ ಕೃಷಿಕರೇ ಹೇಳುವುದನ್ನು ಕೇಳಿದ್ದೇನೆ. ಅದೇ ವರ್ಷದ ಕಾಯಿಯ ಮಟ್ಟಿಗೆ ಅದೂ ಸುಳ್ಳು. ಎರಡೂ ಒಂದೇ ಪ್ರಭೇದದವು, ಕ್ಯಾಪ್ಸಿಕಂ ಆನುಮ್. ಪರಾಗ ಅದಲುಬದಲಾಗುವುದು ನಿಜ, ಆದರೆ ಖಾರ ಕಾಣಿಸಿಕೊಳ್ಳುವುದು ಆ ಬೀಜ ಬಿತ್ತಿ ಬೆಳೆದ ಗಿಡದಲ್ಲಿ.

ಬಟಾಣಿಯಲ್ಲಿ ಹಾಗಲ್ಲ. ಅಲ್ಲಿ ಹಳದಿ-ಹಸಿರು ಬಣ್ಣ ಇರುವುದು ಬೀಜದೊಳಗಿನ ಬೇಳೆಯಲ್ಲಿ, ಅಂದರೆ ಮಗುವಿನ ಮೈಯಲ್ಲೇ. ಆದ್ದರಿಂದ ಒಂದೇ ಸಿಪ್ಪೆ ಸುಲಿದರೆ ಒಳಗೆ ಹಳದಿ ಕಾಳೂ ಹಸಿರು ಕಾಳೂ ಅಕ್ಕಪಕ್ಕ ಕೂತಿರಬಹುದು. ಕಾಳಿನ ಬಣ್ಣ ನೋಡಲು ಮೆಂಡೆಲರು ಅದನ್ನು ಮತ್ತೆ ಬಿತ್ತಿ ಬೆಳೆಸುವವರೆಗೆ ಕಾಯಬೇಕಾಗಿರಲಿಲ್ಲ. ಮುಸುಕಿನ ಜೋಳದಲ್ಲೂ ಹೀಗೆಯೇ, ಬೇರೆ ಪರಾಗ ಬಿದ್ದ ಕಾಳು ಅದೇ ತೆನೆಯಲ್ಲಿ ಬೇರೆ ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಗಿಡ ಬಣ್ಣ ಕೆಡಿಸಿತು ಎಂಬ ನಂಬಿಕೆ ಜೋಳ ಬೆಳೆಯುವವರ ಮಟ್ಟಿಗೆ ನಿಜವೇ. ಮೆಣಸಿನಕಾಯಿಗೆ ಅದನ್ನು ಹೊಂದಿಸಲು ಹೋದಾಗಲೇ ತಪ್ಪಾಗುವುದು.

ಹಾಗಾದರೆ ಕೆಂಪು ಹಣ್ಣಿನ ಬೀಜದಿಂದ ಹಳದಿ ಹೇಗೆ ಬಂತು? ಕೆಂಪು ತಯಾರಾಗುವ ಕೊನೆಯ ಹೆಜ್ಜೆಗೆ ಒಂದು ಕಿಣ್ವ ಬೇಕು. ಹಳದಿಯನ್ನು ಕೆಂಪಾಗಿಸುವುದೇ ಅದರ ಕೆಲಸ. ಹಳದಿ ಮೆಣಸಿನಕಾಯಿಯ ಎಷ್ಟೋ ತಳಿಗಳಲ್ಲಿ ಆ ಕಿಣ್ವದ ಜೀನ್ ಮುರಿದಿದೆ. ಗಿಡದಲ್ಲಿರುವ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಸರಿಯಿದ್ದರೂ ಸಾಕು, ಹಣ್ಣು ಕೆಂಪಾಗುತ್ತದೆ. ಆದ್ದರಿಂದ ಕೆಂಪು ಗಿಡದ ಹೂವಿಗೆ ಹಳದಿಯ ಪರಾಗ ಬಿದ್ದ ವರ್ಷ ಕಾಯಿ ಕೆಂಪು. ಆ ಬೀಜದ ಗಿಡಗಳಲ್ಲೂ ಎಲ್ಲ ಕೆಂಪು, ಯಾರಿಗೂ ಅನುಮಾನ ಬರುವುದಿಲ್ಲ. ಅವುಗಳ ಬೀಜ ಬಿತ್ತಿದಾಗ ನಾಲ್ಕರಲ್ಲಿ ಒಂದರಂತೆ ಹಳದಿ ಗಿಡ ತಲೆಯೆತ್ತುತ್ತದೆ. ನಮ್ಮ ಓದುಗರ ಹಳದಿ ಹಣ್ಣಿಗೆ ಕಾರಣ ಈ ವರ್ಷ ಪಕ್ಕದಲ್ಲಿ ನೆಟ್ಟ ಗಿಡವಲ್ಲ, ಹೋದ ವರ್ಷದ್ದೂ ಅಲ್ಲ. ಅದು ಅಜ್ಜಿಗಿಡ ಹೂ ಬಿಟ್ಟ ಕಾಲದ ಕೂಡಿಕೆ, ಆ ಹೂವಿಗೆ ಬಂದ ಜೇನು ಯಾವ ತೋಟದಿಂದ ಬಂತೆಂದು ಹೇಳಬಲ್ಲವರು ಯಾರೂ ಇಲ್ಲ. ಅಥವಾ ಮೊದಲು ತಂದದ್ದೇ ಹೈಬ್ರಿಡ್ ಬೀಜವಾಗಿದ್ದು, ಅದರೊಳಗೇ ಹಳದಿ ಅಡಗಿದ್ದಿರಬಹುದು. ಮೆಣಸಿನ ಹೂವಿನಲ್ಲಿ ಗಂಡು-ಹೆಣ್ಣು ಎರಡೂ ಇದ್ದು ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು ನಿಜ. ಆದರೂ ಜೇನು ಹೆಚ್ಚಿರುವ ಕಡೆ ಹೊರಗಿನ ಪರಾಗ ಧಾರಾಳವಾಗಿ ಸೇರಿಕೊಳ್ಳುತ್ತದೆ.

ಬರೀ ಒಂದು ಜೀನಿನ ಆಟವೆಂದೂ ತಿಳಿಯಬೇಡಿ. ಕೆಂಪು ಮತ್ತು ಬಿಳಿ ಮೆಣಸಿನ ತಳಿಗಳನ್ನು ಕೂಡಿಸಿ ನೋಡಿದ ಇಬ್ಬರು ಸಂಶೋಧಕರು 1985ರಲ್ಲಿ, ಮೂರು ಜೀನುಗಳು ಸೇರಿ ಹಣ್ಣಿಗೆ ಕೆಂಪಿನಿಂದ ಬಿಳಿಯವರೆಗೆ ಎಂಟು ಬಗೆಯ ಬಣ್ಣ ಕೊಡಬಲ್ಲವು ಎಂದು ಲೆಕ್ಕ ತೋರಿಸಿದರು. ಇದರ ಮೇಲೆ ಹಸಿರು ಉಳಿಸುವ ಜೀನು, ನೇರಳೆ ತರುವ ಜೀನು ಸೇರಿಸಿಕೊಳ್ಳಿ. ಕುಂಡದಲ್ಲಿ ಯಾವ ಬಣ್ಣ ಬಂದರೂ ನನಗೆ ಆಶ್ಚರ್ಯವಿಲ್ಲ, ಸಂತೋಷವಿದೆ.

ಎಲ್ಲ ಬಣ್ಣಕ್ಕೂ ಇಷ್ಟು ಘನವಾದ ಕಾರಣ ಇರಲೇಬೇಕೆಂದಿಲ್ಲ. 2023ರಲ್ಲಿ ಅಮೆರಿಕದ ಮನೆತೋಟಗಳಲ್ಲಿ ಹಾಲಪೀನ್ಯೊ ಎಂದು ಕೊಂಡು ಬಿತ್ತಿದ ಬೀಜಗಳಿಂದ ಹಳದಿ ಕಾಯಿ ಬಂದು, ಜನ ಅದಕ್ಕೆ 'ಪೆಪ್ಪರ್‌ಗೇಟ್' ಎಂದು ಹೆಸರಿಟ್ಟರು. ಅದು ಬೀಜ ಪೂರೈಸುವ ಹಂತದಲ್ಲೇ ಆದ ಅದಲುಬದಲು. ಇನ್ನು ಕಾಯಿಯ ಒಂದೇ ಮಗ್ಗುಲು ಬಿಳಿಚಿ ಕಾಗದದಂತಾಗಿದ್ದರೆ ಬಿಸಿಲ ಝಳ. ತುದಿಯಲ್ಲಿ ಕಂದು ಕೊಳೆ ಇದ್ದರೆ ಕಾಯಿಗೆ ಸುಣ್ಣದಂಶ ತಲುಪಿಲ್ಲ, ನೀರು ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಆಗಿರುತ್ತದೆ. ಗುಂಡಗೆ ತಗ್ಗಾದ ಕಪ್ಪು ಮಚ್ಚೆ ಶಿಲೀಂಧ್ರದ್ದು, ಅಂಥ ಕಾಯಿ ಕಿತ್ತು ದೂರ ಹಾಕಿ. ಕಾಯಿಯ ಮೈಯೆಲ್ಲ ಒಂದೇ ಸಮ ಬಣ್ಣ ಬಂದು ಹೊಳೆಯುತ್ತಿದ್ದರೆ, ಅದು ಜೀನಿನ ಮಾತು.

ಆ ಹಳದಿ ಹಣ್ಣು ಇಷ್ಟವಾಯಿತು, ಉಳಿಸಿಕೊಳ್ಳುವುದು ಹೇಗೆ ಎಂದೂ ಪತ್ರದ ಕೊನೆಗೆ ಕೇಳಿದ್ದಾರೆ. ನಾಳೆ ಅರಳಲಿರುವ ಮೊಗ್ಗುಗಳನ್ನು ಇವತ್ತು ಸಂಜೆಯೇ ತೆಳುವಾದ ವಾಯಿಲ್ ಬಟ್ಟೆಯ ಪುಟ್ಟ ಚೀಲದಲ್ಲಿ ಕಟ್ಟಿ, ಜೇನು ಒಳಗೆ ಹೋಗದಂತೆ. ಅರಳಿದ ಮೇಲೆ ಬೆಳಗ್ಗೆ ಕೊಂಬೆಯನ್ನು ಮೆಲ್ಲಗೆ ತಟ್ಟಿದರೆ ಅದರ ಪರಾಗ ಅದಕ್ಕೇ ಬೀಳುತ್ತದೆ. ಹೀಚು ಕಾಣಿಸಿಕೊಂಡಾಗ ಚೀಲ ತೆಗೆದು, ತೊಟ್ಟಿಗೆ ಗುರುತಿನ ದಾರ ಕಟ್ಟಿ, ಪೂರ್ತಿ ಹಣ್ಣಾದ ಮೇಲೆ ಬೀಜ ತೆಗೆದು ನೆರಳಲ್ಲಿ ಒಣಗಿಸಿ. ಹಳದಿ ಕಾಣಿಸಿಕೊಂಡಿದೆ ಎಂದರೆ ಆ ಗಿಡದಲ್ಲಿ ಜೀನಿನ ಎರಡೂ ಪ್ರತಿ ಹಳದಿಯವೇ, ಆದ್ದರಿಂದ ದಾರ ಕಟ್ಟಿದ ಹಣ್ಣಿನ ಬೀಜವೆಲ್ಲ ಹಳದಿಯನ್ನೇ ಕೊಡುತ್ತದೆ. ಈ ಹಳದಿ ಗಿಡ ಹುಟ್ಟಿದ ಬೀಜದ ಪೊಟ್ಟಣದಿಂದಲೇ ಹುಟ್ಟಿ ಕೆಂಪು ಹಣ್ಣು ಬಿಟ್ಟ ಗಿಡಗಳಿಗೆ ಆ ಖಾತರಿ ಇಲ್ಲ. ಅವುಗಳಲ್ಲಿ ಮೂರಕ್ಕೆ ಎರಡು ಒಳಗೊಳಗೇ ಹಳದಿಯನ್ನು ಹೊತ್ತಿರುತ್ತವೆ.